ಮತ್ತೆ ಬಣ್ಣ ಹೊಡೆಸುವ ಮುನ್ನ: ಕಾರಿನ ಪಾಲಿಶ್ ಕೆಲಸದ ಹಿನ್ನೆಲೆ

ಗದಗ ಸೀಮೆಯ ಲಕ್ಕುಂಡಿ, ಡಂಬಳಗಳ ಚಾಲುಕ್ಯಕಾಲೀನ ಕಂಬಗಳ ಹೊಳಪು ಕಲ್ಲಿನದೇ ಆಗಿರುವುದರಿಂದ ಎಷ್ಟು ಉಜ್ಜಿದರೂ ಒಳಗಿನಿಂದ ಕಲ್ಲೇ ಹೊರಬರುತ್ತದೆ. ಮೋಟಾರು ಕಾರಿನ ಹೊಳಪಾದರೋ ತಗಡಿನ ಮೇಲಿನ ತೆಳುಪದರಿಗೆ ಸೇರಿದ್ದು, ಉಜ್ಜಿದಷ್ಟೂ ಸವೆಯುತ್ತದೆ.

ಆರಂಭದ ಕಾರುಗಳಿಗೆ ಕುದುರೆ ಸಾರೋಟಿಗೆ ಬಳಿಯುತ್ತಿದ್ದ ವಾರ್ನಿಶನ್ನೇ ಬಳಿಯುತ್ತಿದ್ದು, ಅದು ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1923ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯ ‘ಡ್ಯೂಕೋ’, ಅಂದರೆ ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸ್‌ನ ಲ್ಯಾಕರ್ ಬಣ್ಣ, ಜನರಲ್ ಮೋಟರ್ಸ್‌ನ ಕಾರುಗಳ ಮೇಲೆ ಬಂದಾಗ ಈ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಆ ಬಣ್ಣ ಮಂಕಾಗಿ ಒಣಗುತ್ತಿದ್ದುದರಿಂದ ನುಣುಪಾದ ಉಜ್ಜುಪುಡಿ ಬೆರೆಸಿದ ಲೇಪವಾದ ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದ ಮೇಲಷ್ಟೇ ಹೊಳೆಯುತ್ತಿತ್ತು. ಪಾಲಿಶ್ ಮೊದಲಿಗೆ ದುರಸ್ತಿಯಾಗಿರದೆ, ಬಣ್ಣ ಹೊಡೆಯುವ ಕೆಲಸದ ಕೊನೆಯ ಹಂತವೇ ಆಗಿತ್ತು.

ಅದು ದುರಸ್ತಿಯಾಗಿ ಬದಲಾದದ್ದಕ್ಕೆ ನಮ್ಮಲ್ಲಿ ಅಭಾವವೇ ಮುಖ್ಯ ಕಾರಣವೆನ್ನಬೇಕು. 1957ರಲ್ಲಿ ಅಂಬಾಸಿಡರ್ ಬಂದಂದಿನಿಂದ 1983ರ ಕೊನೆಗೆ ಮಾರುತಿ ಕಾಣಿಸಿಕೊಳ್ಳುವವರೆಗೆ ಹೊಸ ಕಾರಿಗೆ ವರ್ಷಗಟ್ಟಲೆ ಸರದಿ ಕಾಯಬೇಕಿದ್ದುದರಿಂದ, ಇದ್ದ ಕಾರಿನ ಬಣ್ಣವನ್ನು ಆದಷ್ಟು ದಿನ ಉಳಿಸಿಕೊಳ್ಳುವುದು ಚೈನಿಯಲ್ಲ, ಲೆಕ್ಕಾಚಾರವಾಗಿತ್ತು. ಮುಳಗುಂದದಂಥ ಎರೆಭೂಮಿಯ ಊರಿನಲ್ಲಿ ಬಿಸಿಲಿಗೆ ಬಣ್ಣದ ಅಂಟು ಶಿಥಿಲವಾಗಿ ವರ್ಣದ್ರವ್ಯ ಸುಣ್ಣದಂತೆ ಪುಡಿಯೇಳುತ್ತದೆ. ಕಾರಿನ ಮೇಲೆ ಕೂತ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಗೀರುಗಳೂ ಸೇರುತ್ತವೆ. ಹಳೆಯ ಏಕಪದರದ ಬಣ್ಣವನ್ನು ಚೆನ್ನಾಗಿ ತೊಳೆದು, 2000 ನಂಬರಿನ ವಾಟರ್ ಪೇಪರನ್ನು ನೀರು ಹಾಕುತ್ತ ಹಗುರವಾಗಿ ಆಡಿಸಿ, ಅಂಗೈಯಗಲದ ಜಾಗಕ್ಕೆ ಕಾಂಪೌಂಡ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ. ಸತ್ತ ಪದರು ಹೋಗಿ ಕೆಳಗಿನ ಹಸನಾದ ಬಣ್ಣ ಕಾಣುತ್ತದೆ. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಕೈ ತಪ್ಪಿದರೆ ಬಣ್ಣದಡಿಯ ಪ್ರೈಮರು ಹೊರಬೀಳುತ್ತದೆ.

ಈಚಿನ ಕಾರುಗಳಲ್ಲಿ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರಿದ್ದು, ಅದರ ದಪ್ಪ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ಕಡಿಮೆ. ಅದೇ ಸುಲಿದುಹೋದ ಮೇಲೆ ಯಾವ ಪಾಲಿಶಿನಿಂದಲೂ ಪ್ರಯೋಜನವಿಲ್ಲ.

ಮುಂದೆ ಬಣ್ಣ ಹೊಡೆಸುವ ಉದ್ದೇಶವಿರುವ ಕಾರಿಗೆ ಪಾಲಿಶ್ ಮಾಡುವುದರಲ್ಲಿ ಇನ್ನೊಂದು ಎಚ್ಚರವಿದೆ, ಅದನ್ನು ಅಂಗಡಿಯವರು ಹೇಳುವುದು ಅಪರೂಪ. ಸುಲಭವಾಗಿ ಹೊಳಪು ಕೊಡುವ ಹಲವು ಪಾಲಿಶ್‌ಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದರ ಅಂಶ ಗೀರು, ಸಂದುಗಳಲ್ಲಿ ಉಳಿದರೆ ಹೊಸ ಬಣ್ಣ ಅಲ್ಲಿ ಹಿಡಿಯದೆ ಹಿಂದೆ ಸರಿದು, ಪೇಂಟರುಗಳು ‘ಫಿಶ್ ಐ’ ಎನ್ನುವ ದುಂಡು ಗುಳಿಗಳಾಗುತ್ತವೆ. ಒಣಗಿದ ಮೇಲೆ ಕಂಡ ಗುಳಿಗಳನ್ನು ತಿಕ್ಕಿ ಮತ್ತೆ ಬಣ್ಣ ಹೊಡೆಯುವುದಕ್ಕಿಂತ, ಮೊದಲೇ ಸಿಲಿಕೋನ್ ಇಲ್ಲದ ಪಾಲಿಶ್ ಆರಿಸಿ, ಬಣ್ಣಕ್ಕೆ ಕೊಡುವಾಗ ಯಾವ ಪಾಲಿಶ್ ಬಳಸಲಾಗಿತ್ತೆಂಬುದನ್ನು ಪೇಂಟರಿಗೆ ತಿಳಿಸುವುದು ಮಾಲೀಕನಿಗೆ ಲೇಸು.