ಅಚ್ಚಿನ ಕಾಲಾನುಕ್ರಮ ಮತ್ತು ಅಂಬೇಡ್ಕರ್ ಅಧ್ಯಯನ: ಪಠ್ಯ, ಸಂಪಾದನೆ, ಪರಂಪರೆ

1. ಪ್ರಶ್ನೆಯ ಸ್ವರೂಪ

ಡಾ. ಬಿ.ಆರ್. ಅಂಬೇಡ್ಕರರನ್ನು ಕುರಿತ ವಿದ್ವತ್ ಗ್ರಂಥಗಳನ್ನು ನಾವು ಸಾಮಾನ್ಯವಾಗಿ ತಾತ್ವಿಕ ನಿಲುವಿನ ಮೇಲೆ ವಿಂಗಡಿಸುತ್ತೇವೆ. ಸಂವಿಧಾನವಾದಿ ಅಂಬೇಡ್ಕರ್, ಸಮಾಜವಾದಿ ಅಂಬೇಡ್ಕರ್, ಬೌದ್ಧ ಅಂಬೇಡ್ಕರ್ ಎಂಬ ಹಣೆಪಟ್ಟಿಗಳು ಹುಟ್ಟಿಕೊಂಡದ್ದು ಹೀಗೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆಯಾ ಗ್ರಂಥ ಬರೆದವರ ಕೈಗೆ ಅಂಬೇಡ್ಕರರ ಯಾವ ಬರಹ ಸಿಕ್ಕಿತ್ತು, ಯಾವುದು ಇನ್ನೂ ಕಡತದಲ್ಲೇ ಉಳಿದಿತ್ತು? ಅವರ ಬರವಣಿಗೆಯ ಕಾಲಕ್ಕೂ ಮುದ್ರಣದ ಕಾಲಕ್ಕೂ ನಡುವೆ ಎಷ್ಟೋ ಕಡೆ ದಶಕಗಳ ಅಂತರವಿದೆ. ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅವರ ಸಾಹಿತ್ಯಕ ಪರಂಪರೆಯ ಬಗ್ಗೆ ರೂಢಿಯಾಗಿರುವ ಕೆಲವು ಮಾತುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

2. ಸಂಪುಟಗಳಿಗೆ ಮುಂಚೆ, ಸಂಪುಟಗಳ ನಂತರ

ಧನಂಜಯ ಕೀರ್ ಅವರ ಇಂಗ್ಲಿಷ್ ಜೀವನಚರಿತ್ರೆ 1954ರಲ್ಲಿ, ಅಂಬೇಡ್ಕರರು ಬದುಕಿದ್ದಾಗಲೇ ಬಂತು. ಎಲೀನರ್ ಝೆಲಿಯಟ್ ಅವರ ಡಾಕ್ಟರೇಟ್ ಪ್ರಬಂಧ ಪೂರ್ಣಗೊಂಡದ್ದು 1969ರಲ್ಲಿ. ಕೀರ್ ನಾಯಕನ ಜೀವನವನ್ನು ಬರೆದರು. ಝೆಲಿಯಟ್ ಮಹಾರ್ ಚಳವಳಿಯ ಇತಿಹಾಸವನ್ನು ಕಟ್ಟಿಕೊಟ್ಟರು. ಎರಡರಲ್ಲೂ ಬರಹಗಾರ ಅಂಬೇಡ್ಕರ್ ಹಿನ್ನೆಲೆಯಲ್ಲಿದ್ದಾರೆ. ಅದಕ್ಕೆ ಆಸಕ್ತಿಯ ಕೊರತೆ ಕಾರಣವಲ್ಲ. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡಾಗ ಬೆರಳಚ್ಚಾದ ನೂರಾರು ಹಾಳೆಗಳು ಅಪ್ರಕಟಿತವಾಗಿಯೇ ಇದ್ದವು, ಮುಂದೆ ಬಹುಕಾಲ ಹಾಗೆಯೇ ಉಳಿದವು.

ಅಂಬೇಡ್ಕರರ ಬರಹ-ಭಾಷಣಗಳನ್ನು ಸಂಪುಟಗಳಾಗಿ ತರಲು ಮಹಾರಾಷ್ಟ್ರ ಸರ್ಕಾರ 1976ರಲ್ಲಿ ಪ್ರಕಟಣಾ ಸಮಿತಿಯನ್ನು ನೇಮಿಸಿತು. ನಾಗಪುರದ ವಸಂತ ಮೂನ್ ಸಂಪಾದನೆಯ ಹೊಣೆ ಹೊತ್ತರು. ಮೊದಲ ಸಂಪುಟ 1979ರಲ್ಲಿ ಹೊರಬಂತು. ಮೂರನೆಯದೂ ನಾಲ್ಕನೆಯದೂ 1987ರಲ್ಲಿ ಬಂದವು. ಧರ್ಮ, ಪ್ರಾಚೀನ ಇತಿಹಾಸ, ಬುದ್ಧ ಮತ್ತು ಮಾರ್ಕ್ಸ್‌ರ ಹೋಲಿಕೆ ಕುರಿತ ಬರಹಗಳು ವಿದ್ವಾಂಸರ ಕೈಸೇರಿದ್ದು ಆಗ. ಗೇಲ್ ಓಮ್ವೆಟ್ ಅವರು ಭಾರತದ ಬೌದ್ಧಧರ್ಮವನ್ನು ಕುರಿತು 2003ರಲ್ಲಿ ಪ್ರಕಟಿಸಿದ ಗ್ರಂಥವಾಗಲಿ, ವಲೇರಿಯನ್ ರಾಡ್ರಿಗಸ್ ಅವರು 2002ರಲ್ಲಿ ಸಂಪಾದಿಸಿದ ಆಯ್ದ ಬರಹಗಳಾಗಲಿ ಈ ಸಂಪುಟಗಳಿಲ್ಲದೆ ಆ ರೂಪದಲ್ಲಿ ಬರುವಂತಿರಲಿಲ್ಲ. 1990ರ ದಶಕದಿಂದೀಚೆಗೆ ತತ್ವಜ್ಞಾನಿ ಅಂಬೇಡ್ಕರ್ ಮುನ್ನೆಲೆಗೆ ಬಂದುದಕ್ಕೆ ಮಂಡಲ್ ಕಾಲದ ರಾಜಕಾರಣ ಎಷ್ಟು ಕಾರಣವೋ ಮೂನ್ ಅವರ ಸಂಪಾದನಾ ಕಾರ್ಯವೂ ಅಷ್ಟೇ ಕಾರಣ.

3. ‘ಜಾತಿ ವಿನಾಶ’ದ ಪದರಗಳು

ಅಂಬೇಡ್ಕರರ ಅತ್ಯಂತ ಪ್ರಸಿದ್ಧ ಕೃತಿಯನ್ನೇ ಹತ್ತಿರದಿಂದ ನೋಡೋಣ. ಲಾಹೋರಿನ ಜಾತ್‌-ಪಾತ್‌ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದಿತ್ತು. ಭಾಷಣದ ಪ್ರತಿ ಕೈಸೇರಿದ ಮೇಲೆ ಕೆಲವು ಭಾಗಗಳನ್ನು ಕೈಬಿಡುವಂತೆ ಕೇಳಿತು. ಅಲ್ಪವಿರಾಮವನ್ನೂ ಬದಲಿಸಲು ಅವರು ಒಪ್ಪಲಿಲ್ಲ, ಸಮ್ಮೇಳನ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅವು ಎರಡೇ ತಿಂಗಳಲ್ಲಿ ಖರ್ಚಾದವು.

1937ರ ಎರಡನೆಯ ಆವೃತ್ತಿಯಲ್ಲಿ ಪುಸ್ತಕದ ರಚನೆಯೇ ಬದಲಾಯಿತು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಬರೆದ ಟೀಕೆಯನ್ನು ಅಂಬೇಡ್ಕರರು ತಮ್ಮ ಪುಸ್ತಕದೊಳಗೇ ಸೇರಿಸಿ, ಅದರ ಬೆನ್ನಿಗೆ ತಮ್ಮ ಉತ್ತರವನ್ನಿಟ್ಟರು. ಹೀಗಾಗಿ ಇಂದು ನಾವು ಓದುವ ಕೃತಿಯಲ್ಲಿ ನಾಲ್ಕು ಪದರಗಳಿವೆ: ಮಂಡಲದೊಡನೆ ನಡೆದ ಪತ್ರವ್ಯವಹಾರ, ಮಾಡದೇ ಉಳಿದ ಭಾಷಣ, ಎದುರಾಳಿಯ ಟೀಕೆ, ಮರುಉತ್ತರ. ಭಾಷಣ ಮಾತಾಡಿಸುವುದು ಸಭೆಯಲ್ಲಿ ಎದುರಿಗೆ ಕೂತ ಹಿಂದೂ ಸುಧಾರಕರನ್ನು. ಆದರೆ ಆ ಸಭೆ ನಡೆದೇ ಇಲ್ಲ. ಮೊದಲಿಗಿಟ್ಟ ಪತ್ರಗಳು ಓದುಗನಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿಬಿಡುತ್ತವೆ. ಆಹ್ವಾನಿಸಿದವರ ಹಿಂಜರಿಕೆಯೇ ಭಾಷಣದ ವಾದಕ್ಕೆ ಮೊದಲ ಸಾಕ್ಷ್ಯವಾಗಿ ನಿಲ್ಲುತ್ತದೆ. ಪತ್ರಗಳನ್ನು ಬಿಟ್ಟು ಭಾಷಣವನ್ನಷ್ಟೇ ಓದಿಸುವ ಸಂಕಲನಗಳಲ್ಲಿ ಈ ಸಾಕ್ಷ್ಯ ಕಳೆದುಹೋಗುತ್ತದೆ.

1944ರ ಮೂರನೆಯ ಆವೃತ್ತಿಯ ಮುನ್ನುಡಿಯಲ್ಲಿ ಇನ್ನೊಂದು ಸುಳಿವಿದೆ. ಕೊಲಂಬಿಯಾದಲ್ಲಿ 1916ರಲ್ಲಿ ಓದಿ, ಮರುವರ್ಷ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಜಾತಿಗಳ ಉಗಮ ಕುರಿತ ಪ್ರಬಂಧವನ್ನು ಒಳಗೊಳ್ಳುವಂತೆ ಈ ಕೃತಿಯನ್ನು ಮರುರೂಪಿಸುವ ಇರಾದೆ ಅವರಿಗಿತ್ತು. ಬಿಡುವು ಸಿಗಲಿಲ್ಲ. ಮೊದಲ ಸಂಪುಟದಲ್ಲಿ ಎರಡೂ ಬರಹಗಳು ಒಂದರ ಪಕ್ಕ ಒಂದಿವೆ. ಅವನ್ನು ಒಂದೇ ವಾದದ ಎರಡು ಹಂತಗಳೆಂದು ಓದುವವರು ಲೇಖಕ ಮಾಡಲಾಗದೆ ಬಿಟ್ಟ ಹೊಲಿಗೆಯನ್ನು ತಾವೇ ಹಾಕುತ್ತಿದ್ದಾರೆ. ಹಾಗೆ ಓದುವುದು ತಪ್ಪಲ್ಲ, ಅದನ್ನು ಹೇಳಿಕೊಂಡು ಓದಬೇಕು.

ಈ ಕೃತಿಯ ಮೇಲಿನ ಇತ್ತೀಚಿನ ಕೆಲಸಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಅರುಣ್ ಪ್ರಭಾ ಮುಖರ್ಜಿ 2009ರ ಲೇಖನದಲ್ಲಿ, ಆಮೇಲೆ ಸ್ಕಾಟ್ ಸ್ಟ್ರೌಡ್ 2023ರ ಗ್ರಂಥದಲ್ಲಿ, ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿಯ ಮಾತುಗಳು ಈ ಭಾಷಣದೊಳಗೆ ಹೇಗೆ ಬೆರೆತಿವೆ ಎಂಬುದನ್ನು ತೋರಿಸಿದರು. ಡ್ಯೂಯಿಯನ್ನು ಅಂಬೇಡ್ಕರರು ಹೆಸರಿಸಿ ಸ್ಮರಿಸುವುದುಂಟು. ಹೆಸರಿಸದೆ ಬಳಸಿಕೊಂಡ ಕಡೆಗಳೂ ಉಂಟು. ಇದನ್ನು ಬರೀ ಎರವಲು ಎಂದು ತಳ್ಳಿಹಾಕಲಾಗದು. ಶಿಕ್ಷಣವನ್ನು ಕುರಿತು ಆಡಿದ ಮಾತು ಜಾತಿಯ ಸಂದರ್ಭಕ್ಕೆ ಬಂದಾಗ ಅದರ ಗುರಿ ಬದಲಾಗುತ್ತದೆ. 2014ರಲ್ಲಿ ಎಸ್. ಆನಂದ್ ಟಿಪ್ಪಣಿಗಳೊಂದಿಗೆ ಸಂಪಾದಿಸಿದ ಆವೃತ್ತಿ ಪಠ್ಯದೃಷ್ಟಿಯಿಂದ ಉಪಯುಕ್ತ. ಆದರೆ ಅದರ ಸುತ್ತ ಎದ್ದ ಚರ್ಚೆಯೆಲ್ಲ ಅರುಂಧತಿ ರಾಯ್ ಅವರ ದೀರ್ಘ ಪ್ರಸ್ತಾವನೆಯ ಮೇಲೆ ನಿಂತಿತು. ಟಿಪ್ಪಣಿಗಳ ಬಗ್ಗೆ ಮಾತಾಡಿದವರು ಕಡಿಮೆ.

4. ಸಂಪಾದಕರು ಕಟ್ಟಿದ ಗ್ರಂಥಗಳು

ಮರಣೋತ್ತರ ಬರಹಗಳಲ್ಲಿ ಸಮಸ್ಯೆ ಇನ್ನೂ ಜಟಿಲ. ಪ್ರಾಚೀನ ಭಾರತದ ಕ್ರಾಂತಿ-ಪ್ರತಿಕ್ರಾಂತಿ ಕುರಿತ ಬರಹ ಅಪೂರ್ಣ ಕರಡುಗಳಾಗಿ ಸಿಕ್ಕಿತು. ಬಿಡಿ ಕಡತಗಳನ್ನು ಜೋಡಿಸಿ ಕ್ರಮ ಕೊಟ್ಟವರು ಸಂಪಾದಕರು. ಬೌದ್ಧಧರ್ಮದ ಏಳು-ಬೀಳನ್ನು ಭಾರತದ ಇತಿಹಾಸದ ನಡುಗಂಬವಾಗಿಸುವ ಇಂದಿನ ಗ್ರಂಥಗಳು ಈ ಕರಡನ್ನು ಮುಗಿದ ಕೃತಿಯಂತೆ ಉಲ್ಲೇಖಿಸುವುದುಂಟು.

ಹಿಂದೂ ಧರ್ಮದ ಒಗಟುಗಳನ್ನು ಕುರಿತ ನಾಲ್ಕನೆಯ ಸಂಪುಟದ ಕಥೆ ಬೇರೆ. ರಾಮ ಮತ್ತು ಕೃಷ್ಣರನ್ನು ಕುರಿತ ಅನುಬಂಧದ ವಿರುದ್ಧ ಶಿವಸೇನೆ ಬೀದಿಗಿಳಿಯಿತು. ಅದನ್ನು ಉಳಿಸಬೇಕೆಂದು ದಲಿತ ಸಂಘಟನೆಗಳು ಮುಂಬಯಿಯಲ್ಲಿ ಬೃಹತ್ ಮೆರವಣಿಗೆ ನಡೆಸಿದವು. ಕೊನೆಗೆ ಅನುಬಂಧ ಉಳಿಯಿತು, ಅದರಲ್ಲಿನ ಅಭಿಪ್ರಾಯಗಳಿಗೆ ಸರ್ಕಾರದ ಸಹಮತವಿಲ್ಲ ಎಂಬ ಸೂಚನೆಯೂ ಸೇರಿತು. ಪ್ರಕಾಶಕನೇ ಪಠ್ಯದಿಂದ ದೂರ ಸರಿದು ನಿಲ್ಲುವ ಆ ಸಾಲು ಈಗ ಕೃತಿಯ ಭಾಗ.

‘ಬುದ್ಧ ಮತ್ತು ಅವನ ಧಮ್ಮ’ 1957ರಲ್ಲಿ ಮೂಲಾಕರಗಳ ಉಲ್ಲೇಖವಿಲ್ಲದೆ ಬಂತು. ಅನುಯಾಯಿಗಳಿಗೆ ಅದು ಧರ್ಮಗ್ರಂಥ. ಅಂಕೆ ಹಾಕಿದ ಪುಟ್ಟ ವಾಕ್ಯಗಳ ಶೈಲಿ ಪಠಣಕ್ಕೆ ಒಗ್ಗುತ್ತದೆ. 2011ರಲ್ಲಿ ಆಕಾಶ್ ಸಿಂಗ್ ರಾಥೋಡ್ ಮತ್ತು ಅಜಯ್ ವರ್ಮಾ ಹೊರತಂದ ವಿಮರ್ಶಾತ್ಮಕ ಆವೃತ್ತಿ ಮೂಲಾಕರಗಳನ್ನು ಗುರುತಿಸಿದ ಮೇಲೆ, ಅಂಬೇಡ್ಕರರು ಏನನ್ನು ಆಯ್ದರು, ಏನನ್ನು ಬಿಟ್ಟರು, ಎಲ್ಲಿ ತಮ್ಮ ಮಾತು ಸೇರಿಸಿದರು ಎಂಬುದನ್ನು ಒರೆಗೆ ಹಚ್ಚುವುದು ಸುಲಭವಾಯಿತು.

5. ಆತ್ಮಕಥನದ ವಂಶಾವಳಿ

ಪರಂಪರೆಯ ಪ್ರಶ್ನೆ ತೀಕ್ಷ್ಣವಾಗುವುದು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಕಿರು ಆತ್ಮಕಥನದಲ್ಲಿ. 1901ರಲ್ಲಿ ತಂದೆಯನ್ನು ಕಾಣಲು ಹೊರಟ ಬಾಲಕರು ಮಸೂರು ನಿಲ್ದಾಣದಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಅಕ್ಕರೆಯಿಂದ ವಿಚಾರಿಸಿದ ಸ್ಟೇಷನ್ ಮಾಸ್ತರರ ಮುಖ ಜಾತಿ ತಿಳಿದೊಡನೆ ಬದಲಾಗುತ್ತದೆ. ದುಪ್ಪಟ್ಟು ಬಾಡಿಗೆ ಕೊಟ್ಟರೂ ಎತ್ತಿನಗಾಡಿಯನ್ನು ಮಕ್ಕಳೇ ಹೊಡೆಯಬೇಕು. ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಆಕ್ರೋಶದ ಒಂದು ವಿಶೇಷಣವೂ ಬೇಕಾಗದ ಈ ನಿರೂಪಣೆಯಲ್ಲಿ ಅಪಮಾನವನ್ನು ಹೇಳುವುದು ಬಾಡಿಗೆಯ ಮೊತ್ತ ಮತ್ತು ಕೂರುವ ಜಾಗ.

ದಲಿತ ಆತ್ಮಕಥನಗಳ ಮೂಲವನ್ನು ಇದರಲ್ಲಿ ಗುರುತಿಸುವುದು ಈಗ ವಾಡಿಕೆ. ಆದರೆ ಈ ಬರಹ ಅಚ್ಚಾದದ್ದು 1990ರಲ್ಲಿ, ಹನ್ನೆರಡನೆಯ ಸಂಪುಟಕ್ಕೆ ಸೇರಿದ್ದು 1993ರಲ್ಲಿ. ದಯಾ ಪವಾರರ ‘ಬಲುತಂ’ 1978ರದು. ಲಕ್ಷ್ಮಣ ಮಾನೆ, ಶರಣಕುಮಾರ ಲಿಂಬಾಳೆ ಅವರ ಆತ್ಮಕಥನಗಳು 1980ರ ದಶಕದ ಮೊದಲಾರ್ಧದವು. ಅಂದರೆ ಈ ಲೇಖಕರಿಗೆ ಅಂಬೇಡ್ಕರರ ಆತ್ಮಕಥನ ಪುಸ್ತಕವಾಗಿ ಸಿಕ್ಕಿರಲಿಲ್ಲ. ಅವರಿಗೆ ಸಿಕ್ಕದ್ದು ಬೇರೆ ದಾರಿಗಳಿಂದ: ಭಾಷಣಗಳ ನೆನಪು, ಜಲಸಾ ಮೇಳಗಳ ಹಾಡು, ಕೀರ್ ಮತ್ತು ಖೈರಮೋಡೆಯವರ ಜೀವನಚರಿತ್ರೆಗಳು, 1920ರ ‘ಮೂಕನಾಯಕ’ದಿಂದ ಆರಂಭವಾದ ಮರಾಠಿ ಪತ್ರಿಕೆಗಳು. ಅಂಬೇಡ್ಕರರ ಇಂಗ್ಲಿಷ್ ಬರಹ ಮೊದಲು ಸಂಕಲನಗೊಂಡು, ಮರಾಠಿ ಭಾಷಣಗಳ ಸಂಪುಟ 2002ರಲ್ಲಿ ಬಂದುದರಿಂದ, ವಿದ್ವತ್ ಲೋಕದ ಕಣ್ಣಿಗೆ ಈ ದಾರಿಗಳು ಬಹುಕಾಲ ಬೀಳಲಿಲ್ಲ. ಮರಾಠಿ ಆಕರಗಳನ್ನು ವಿಸ್ತಾರವಾಗಿ ಬಳಸಿ ಅಶೋಕ್ ಗೋಪಾಲ್ 2023ರಲ್ಲಿ ಬರೆದ ಜೀವನಚರಿತ್ರೆಯ ಮಹತ್ವ ಇಲ್ಲಿದೆ.

6. ಕನ್ನಡದ ಸಂದರ್ಭ

ಕನ್ನಡದಲ್ಲೂ ಕ್ರಮ ಇದೇ. ದೇವನೂರ ಮಹಾದೇವರ ‘ದ್ಯಾವನೂರು’ 1973ರಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದವು. ಮೂನ್ ಅವರ ಮೊದಲ ಸಂಪುಟಕ್ಕೆ ಆಗ ಇನ್ನೂ ಕೆಲವು ವರ್ಷಗಳಿದ್ದವು. 1937ರ ಮುನ್ನುಡಿಯಲ್ಲಿ ಅಂಬೇಡ್ಕರರು ಹೆಸರಿಸಿದ ‘ಜಾತಿ ವಿನಾಶ’ದ ಅನುವಾದಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಈ ಇಬ್ಬರು ಲೇಖಕರ ಮೇಲೆ ಅಂಬೇಡ್ಕರರ ಪ್ರಭಾವವನ್ನು ಸಾಲುಸಾಲಿಗೆ ಪಠ್ಯಸಾಮ್ಯ ಹುಡುಕಿ ಸಾಧಿಸಹೊರಟರೆ ಕೈಗೆ ಹೆಚ್ಚೇನೂ ಸಿಗದು. ಚಳವಳಿಯ ಮಾತು, ಮೆರವಣಿಗೆಯ ಹಾಡು, ಹಾಸ್ಟೆಲಿನ ಚರ್ಚೆಗಳ ಮೂಲಕ ಪ್ರಭಾವ ಹರಿದ ಬಗೆಯನ್ನು ಹುಡುಕಬೇಕು.

ಈ ಬಗೆಯ ಓದಿಗೆ ದಾರಿ ತೋರಿದವರು ಡಿ.ಆರ್. ನಾಗರಾಜ್. 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಅವರು ಗಾಂಧಿ–ಅಂಬೇಡ್ಕರ್ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವಗಳ ಸಂಘರ್ಷವೆಂದು ಓದಿ, ಇಬ್ಬರೂ ಒಬ್ಬರನ್ನೊಬ್ಬರು ಬದಲಿಸಿದರು ಎಂದು ವಾದಿಸಿದರು. ರಾಜಕೀಯ ಬರಹಕ್ಕೆ ಸಾಹಿತ್ಯ ವಿಮರ್ಶೆಯ ಉಪಕರಣಗಳನ್ನು ಬಳಸುವ ಧೈರ್ಯ ಆ ಪುಸ್ತಕದ ಬಲ. ಎದುರಾಳಿಯ ಟೀಕೆಯನ್ನು ತನ್ನೊಳಗೇ ಇಟ್ಟುಕೊಂಡ 1937ರ ಆವೃತ್ತಿಯ ರಚನೆ ಆ ವಾದಕ್ಕೆ ಮುದ್ರಿತ ಪುರಾವೆಯಾಗಬಲ್ಲದು. ನಾಗರಾಜ್ ಅವರ ಒಳನೋಟಕ್ಕೆ ಪಠ್ಯಚರಿತ್ರೆಯ ಬೆಂಬಲ ಕೂಡಿಸುವ ಕೆಲಸ ಮುಂದಿನವರದು.

ಮಹಾರಾಷ್ಟ್ರದ ಸಂಪುಟಗಳನ್ನು ಆಧರಿಸಿ ಕನ್ನಡದಲ್ಲಿ ಬಂದಿರುವ ಬರಹ-ಭಾಷಣಗಳ ಸಂಪುಟಗಳು ಓದುಗವಲಯವನ್ನು ವಿಸ್ತರಿಸಿವೆ. ಮುಂದಿನ ಮರುಮುದ್ರಣಗಳಲ್ಲಿ ಪ್ರತಿ ಬರಹದ ತಲೆಯಲ್ಲಿ ಮೂರು ಸಂಗತಿಗಳು ಇರಬೇಕು: ರಚನೆಯ ಕಾಲ, ಮೊದಲ ಮುದ್ರಣದ ವರ್ಷ, ಲೇಖಕರೇ ಅಂತಿಮಗೊಳಿಸಿದ್ದೋ ಸಂಪಾದಕರು ಜೋಡಿಸಿದ್ದೋ ಎಂಬ ಮಾಹಿತಿ. ಇಷ್ಟಾದರೆ ವಿದ್ಯಾರ್ಥಿಯೊಬ್ಬ 1936ರ ವಾದವನ್ನೂ 1987ರಲ್ಲಿ ಬೆಳಕು ಕಂಡ ಕರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪ್ರಮಾದ ತಪ್ಪುತ್ತದೆ. ಅಂಬೇಡ್ಕರರನ್ನು ಪೂಜಿಸುವವರಿಗೂ ಖಂಡಿಸುವವರಿಗೂ ಈ ಎಚ್ಚರ ಸಮಾನವಾಗಿ ಬೇಕು. ಅಪೂರ್ಣ ಹಾಳೆಯೊಂದನ್ನು ಅಂತಿಮ ತೀರ್ಪೆಂದು ಎತ್ತಿ ತೋರಿಸುವ ಅಭ್ಯಾಸ ಎರಡೂ ಪಾಳೆಯಗಳಲ್ಲಿದೆ.