ಅರಳಗುಪ್ಪೆಯ ಎರಡು ಗುಡಿಗಳು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಗುಬ್ಬಿಯನ್ನು ದಾಟಿದ ಮೇಲೆ ಕಿಟಕಿಯ ಎರಡು ಪಕ್ಕದಲ್ಲಿಯೂ ಕಾಣುವುದು ತೆಂಗಿನ ಸಾಲುಗಳೇ. ತಿಪಟೂರು ಎಂದೊಡನೆ ಕೊಬ್ಬರಿಯ ಧಾರಣೆಯ ನೆನಪಾಗುವುದು ಸಹಜ. ಆದರೆ ತಿಪಟೂರಿಗೆ ಮೊದಲೇ ಅರಳಗುಪ್ಪೆ ಎಂಬ ಸಣ್ಣದೊಂದು ನಿಲ್ದಾಣ ಬರುತ್ತದೆ. ಅಲ್ಲಿ ಇಳಿಯುವವರಲ್ಲಿ ಊರಿನವರೇ ಹೆಚ್ಚು, ಯಾತ್ರಿಕರು ಕಡಿಮೆ. ಆ ಊರಿನಲ್ಲಿ ಎರಡು ಹಳೆಯ ಗುಡಿಗಳಿವೆ. ಒಂದು ಕಲ್ಲೇಶ್ವರನದು, ಇನ್ನೊಂದು ಚೆನ್ನಕೇಶವನದು. ಎರಡರ ನಡುವೆ ಮುನ್ನೂರೈವತ್ತು ವರ್ಷಗಳಷ್ಟು ಅಂತರವಿದೆ.

ಇವನ್ನು ಕಟ್ಟಿದವರು ಯಾರು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ಕೆತ್ತನೆಯ ಗುಡಿ ಯಾವುದೇ ಇರಲಿ, ಅದು ಜಕಣಾಚಾರಿಯದು! ತುಮಕೂರು ಸೀಮೆಯವರಂತೂ ಹೀಗೆ ಹೇಳಲು ವಿಶೇಷ ಹಕ್ಕುಳ್ಳವರು. ಗೂಳೂರಿನ ಸಮೀಪದ ಕೈದಾಳವೇ ಅವನ ಹುಟ್ಟೂರೆಂದು ಐತಿಹ್ಯವಿದೆ.

ಕಥೆಯನ್ನು ಬಲ್ಲದ ಕನ್ನಡಿಗರು ವಿರಳ. ಕ್ರೀಡಾಪುರದ ಯುವಕ ಜಕಣ, ಮನೆಯಲ್ಲಿ ಹೆಂಡತಿಯನ್ನು ಬಿಟ್ಟು ಶಿಲ್ಪದ ಹುಚ್ಚಿನಲ್ಲಿ ದೇಶಾಂತರ ಹೊರಟ. ವರ್ಷಗಳು ಕಳೆದವು. ಬೇಲೂರಿನಲ್ಲಿ ದೇವರ ಮೂರ್ತಿಯೊಂದು ಸಿದ್ಧವಾದಾಗ, ಎಲ್ಲಿಂದಲೋ ಬಂದ ಹುಡುಗನೊಬ್ಬ ಆ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ಕಂಡರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಮುದುಕ ಶಪಥ ಮಾಡಿದ. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲೆಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಜೊತೆಗೊಂದು ಜೀವಂತ ಕಪ್ಪೆ! ಜಕಣಾಚಾರಿ ಕೈ ಕಡಿದುಕೊಂಡ. ಆ ಹುಡುಗ ತನ್ನ ಮಗನೇ ಆದ ಡಂಕಣನೆಂದು ಆಮೇಲೆ ತಿಳಿಯಿತು. ಹುಟ್ಟೂರಿನಲ್ಲಿ ಚೆನ್ನಿಗರಾಯನ ಗುಡಿ ಕಟ್ಟೆಂದು ದೇವರ ಅಪ್ಪಣೆಯಾಯಿತು. ಕಟ್ಟಿದ ಮೇಲೆ ಕೈ ಮರಳಿ ಬಂತು, ಊರು ಕೈದಾಳವಾಯಿತು.

ಕೌಶಲದ ಗರ್ವ, ತಂದೆ ಮಗನ ಸ್ಪರ್ಧೆ, ದೇವರ ಕರುಣೆ ಎಲ್ಲವೂ ಕೂಡಿದ ಇಂಥ ಕಥೆ ಜನರ ನಾಲಗೆಯ ಮೇಲೆ ಉಳಿದದ್ದರಲ್ಲಿ ಅಚ್ಚರಿಯಿಲ್ಲ. ಇತಿಹಾಸದ ಲೆಕ್ಕ ಮಾತ್ರ ಕೂಡಿ ಬರುವುದಿಲ್ಲ. ಬೇಲೂರಿನ ಪ್ರತಿಷ್ಠೆ 1117ರಲ್ಲಿ. ಕೈದಾಳದ ಗುಡಿ 1150ರ ಸುಮಾರಿನದು. ಅದನ್ನು ಕಟ್ಟಿಸಿದವನು ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಬಾಚಿ. ಸೋಮನಾಥಪುರ 1268ರದು. ಇವೆಲ್ಲ ಒಬ್ಬನವೇ ಆಗಬೇಕಾದರೆ ಅವನು ನೂರೈವತ್ತು ವರ್ಷವಾದರೂ ಉಳಿ ಹಿಡಿದಿರಬೇಕಾಗುತ್ತದೆ. ಜಕಣಾಚಾರಿ ಎಂಬುದು ದಕ್ಷಿಣಾಚಾರ್ಯ ಎಂಬ ಮಾತಿನ ತದ್ಭವವೆಂದೂ, ಅದು ವ್ಯಕ್ತಿಯ ಹೆಸರಲ್ಲವೆಂದೂ ಊಹಿಸಿದ ವಿದ್ವಾಂಸರಿದ್ದಾರೆ.

ಊಹೆಗಿಂತ ಗಟ್ಟಿಯಾದ ಸಾಕ್ಷ್ಯ ಗುಡಿಗಳ ಮೇಲೆಯೇ ಇದೆ. ಹೊಯ್ಸಳ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದು ಹೋಗಿದ್ದಾರೆ. ಕವಿಚರಿತೆಕಾರರೆಂದು ನಾವು ಬಲ್ಲ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಇಂಥ ಅಂಕಿತಗಳನ್ನು ವಾರ್ಷಿಕ ವರದಿಗಳಲ್ಲಿ ದಾಖಲಿಸಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನದೂ ಇದೆ. ಎಂದರೆ ಬೇಲೂರಿನಲ್ಲಿ ತಂದೆ ಮಗ ಇಬ್ಬರೂ ಕೆಲಸ ಮಾಡಿದ್ದು ನಿಜವೇ. ಅವರು ಕಪ್ಪೆಗಾಗಿ ಜಗಳವಾಡಿದಂತೆ ಮಾತ್ರ ಶಾಸನ ಹೇಳುವುದಿಲ್ಲ. ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಮಲ್ಲಿತಮ್ಮನ ಅಂಕಿತವಿದೆ.

ನಮ್ಮ ಅರಳಗುಪ್ಪೆಯ ಚೆನ್ನಕೇಶವನ ಗೋಡೆಗಳಲ್ಲಿ ಸಿಕ್ಕುವ ಹೆಸರು ಹೊನ್ನೋಜ. ಓಜ ಎಂಬುದು ಉಪಾಧ್ಯಾಯ ಶಬ್ದದಿಂದ ಬಂದದ್ದು. ಕಲಿಸಬಲ್ಲವನು ಎಂದು ಅದರ ಅರ್ಥ. 13ನೆಯ ಶತಮಾನದ ನಡುಭಾಗದ ಈ ಗುಡಿ ಏಕಕೂಟ, ಎಂದರೆ ಗರ್ಭಗುಡಿ ಒಂದೇ. ಅದರ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಮೃದುವಾದ ಬಳಪದ ಕಲ್ಲು ಹೊನ್ನೋಜನಿಗೆ ಹೇಳಿದಂತೆ ಕೇಳಿದೆ. ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ ಎಂದು ಪಟ್ಟಿಕೆಯ ಮೇಲೆ ಪಟ್ಟಿಕೆ. ಅದರ ಮೇಲೆ ದೇವತಾ ವಿಗ್ರಹಗಳ ಸಾಲು. ಬಲಕ್ಕೆ ಪ್ರದಕ್ಷಿಣೆ ಬರುವ ಭಕ್ತನಿಗೆ ಮೂಲೆ ತಿರುಗಿದಂತೆಲ್ಲ ಹೊಸ ಮುಖ ಎದುರಾಗುತ್ತದೆ. ಅಕ್ಷರ ಬಾರದವರಿಗೂ ಈ ಗೋಡೆ ಓದಲು ಬರುವಂಥದು.

ಇನ್ನು ಕಲ್ಲೇಶ್ವರ. ಹೊರಗಿನಿಂದ ನೋಡಿದವರು ಇದೇನು ಎಂದು ಮುಂದೆ ಹೋಗಿಬಿಡುವ ಸಂಭವವುಂಟು. ಹೊಯ್ಸಳರ ಗೋಡೆಯ ಬೆಡಗು ಇಲ್ಲಿಲ್ಲ. ಇದು 9ನೆಯ ಶತಮಾನದ ಕೆಲಸ, ಗಂಗರೂ ನೊಳಂಬರೂ ಈ ಸೀಮೆಯಲ್ಲಿ ಪ್ರಬಲರಾಗಿದ್ದ ಕಾಲದ್ದು. ನೊಳಂಬವಾಡಿ ಮೂವತ್ತೆರಡು ಸಾಸಿರ ಎಂದು ಶಾಸನಗಳಲ್ಲಿ ಮೆರೆದ ಆ ನಾಡು ಈಗ ನಕ್ಷೆಯಲ್ಲಿಲ್ಲ. ಗಂಗರ ಇಮ್ಮಡಿ ಮಾರಸಿಂಹ 10ನೆಯ ಶತಮಾನದಲ್ಲಿ ಅವರನ್ನು ಮುರಿದು ‘ನೊಳಂಬ ಕುಲಾಂತಕ’ ಎಂದು ಬಿರುದು ಧರಿಸಿದ. ಆದರೂ ತಿಪಟೂರು ಸೀಮೆಯ ನೊಣಬ ಎಂಬ ಸಮುದಾಯದ ಹೆಸರಿನಲ್ಲಿ ಆ ನೊಳಂಬವಾಡಿಯೇ ಉಳಿದಿದೆ ಎನ್ನುತ್ತಾರೆ ಬಲ್ಲವರು. ಕುಲಾಂತಕನ ಬಿರುದು ಶಾಸನಕ್ಕೇ ಸೀಮಿತವಾಯಿತು. ನೊಳಂಬರ ಹೆಸರು ಒಕ್ಕಲುಗಳ ನಡುವೆ ಬಾಳಿತು.

ಒಳಗೆ ಹೋಗಿ ಕತ್ತಲೆಗೆ ಕಣ್ಣು ಹೊಂದುವವರೆಗೆ ತಾಳ್ಮೆಯಿಂದ ನಿಂತು, ತಲೆಯೆತ್ತಬೇಕು. ಮಾಳಿಗೆಯಲ್ಲಿ ಒಂಬತ್ತು ಅಂಕಣಗಳು. ನಡುವಿನದರಲ್ಲಿ ಶಿವ ನರ್ತಿಸುತ್ತಿದ್ದಾನೆ, ಪಕ್ಕದಲ್ಲಿ ವಾದ್ಯಗಾರರು. ಸುತ್ತಲಿನ ಎಂಟರಲ್ಲಿ ಅಷ್ಟದಿಕ್ಪಾಲಕರು ಪತ್ನೀ ಪರಿವಾರ ಸಮೇತರಾಗಿ ವಾಹನಗಳನ್ನೇರಿ ಬಂದಿದ್ದಾರೆ. ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣನ ಮೇಲೆ ಯಮ, ಮೊಸಳೆಯಂಥ ಮಕರದ ಮೇಲೆ ವರುಣ. ಸಭೆ ನೆರೆದಂತೆ, ಕುಣಿತ ನೋಡಲು ದಿಕ್ಕುಗಳೇ ಕೂಡಿದಂತೆ ತೋರುತ್ತದೆ. ಬೇಲೂರು ಹಳೇಬೀಡುಗಳ ಶಿಲ್ಪದಲ್ಲಿ ಮೈ ಕಾಣದಷ್ಟು ಆಭರಣವಿರುತ್ತದೆ. ಇಲ್ಲಿ ಒಡವೆ ಮಿತ, ಮೈಗೆ ಮೈಯದೇ ಬಾಗು ಬಳಕು ಇದೆ. ನನ್ನ ಮಟ್ಟಿಗೆ, ಎರಡು ಗುಡಿಗಳಲ್ಲಿ ಒಂದನ್ನೇ ಆರಿಸಿಕೊಳ್ಳೆಂದರೆ ಈ ಮಾಳಿಗೆಯ ಕೆಳಗೇ ನಿಂತೇನು.

ದಿಕ್ಪಾಲಕರನ್ನು ಇಲ್ಲಿ ಇರಿಸಿದ್ದು ಬರಿಯ ಅಲಂಕಾರಕ್ಕೆ ಅಲ್ಲ. ಆಗಮದ ಪೂಜೆಯಲ್ಲಿ ಎಂಟು ದಿಕ್ಕಿನ ಒಡೆಯರಿಗೂ ಆವಾಹನೆ, ಬಲಿಗಳುಂಟು. ಗರ್ಭಗುಡಿಯಲ್ಲಿ ಲಿಂಗವಾಗಿ ನಿಶ್ಚಲನಾಗಿರುವ ಶಿವನೇ ಇಲ್ಲಿ ಮೇಲೆ ಕುಣಿಯುವವನು. ಹಣ್ಣುಕಾಯಿ ಹಿಡಿದು ಒಳಗೆ ಬಂದ ಭಕ್ತ ಈ ಇಬ್ಬರ ನಡುವೆ ನಿಲ್ಲುತ್ತಾನೆ. ಮಂಗಳಾರತಿಯತ್ತ ನೋಡುತ್ತ ಕೈಮುಗಿಯುವವನಿಗೆ ತಲೆಯ ಮೇಲಿನ ಕುಣಿತ ಕಾಣದೆ ಹೋಗುವುದೇ ಹೆಚ್ಚು.

ಈ ಮಾಳಿಗೆ ಬೇಲೂರಿಗಿಂತ ಎರಡು ಶತಮಾನಕ್ಕೂ ಹಿಂದಿನದು. ಜಕಣನ ಕಥೆಯನ್ನು ಎಷ್ಟು ಎಳೆದರೂ ಇಲ್ಲಿಗೆ ಮುಟ್ಟುವುದಿಲ್ಲ. ಹೊಯ್ಸಳ ಶಿಲ್ಪಿಯೊಬ್ಬ ಅಂಗೈಯಗಲದ ಕಲ್ಲಿನಲ್ಲಿ ತನ್ನ ಹೆಸರನ್ನು ಕೊರೆಯುವ ದಿನ ಬರುವುದಕ್ಕೆ ಇನ್ನೂ ಬಹುಕಾಲವಿತ್ತು.

ಇದೇ ತಾಲ್ಲೂಕಿನ ವಿಘ್ನಸಂತೆಗೆ ಹೋದರೆ ಮೂರು ಗರ್ಭಗುಡಿಗಳ ಲಕ್ಷ್ಮೀನರಸಿಂಹ ದೇವಾಲಯ ಕಾಣುತ್ತದೆ. ಅದು 1286ರಲ್ಲಿ ಮೂರನೆಯ ನರಸಿಂಹನ ದಂಡನಾಯಕರಾದ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು. ಆಗ ರಾಜ್ಯವೇ ಎರಡು ಹೋಳಾಗಿತ್ತು. ದೋರಸಮುದ್ರದಲ್ಲಿ ನರಸಿಂಹ, ತಮಿಳುನಾಡಿನ ಕಣ್ಣನೂರಿನಲ್ಲಿ ಅವನ ಸಹೋದರ ರಾಮನಾಥ. ಒಡೆಯರು ಒಡೆದ ಕಾಲದಲ್ಲಿ ಈ ಮೂವರು ಅಣ್ಣತಮ್ಮಂದಿರು ಒಂದೇ ಮಂಟಪಕ್ಕೆ ಬಾಗಿಲು ತೆರೆಯುವ ಮೂರು ಗುಡಿಗಳನ್ನು ಕಟ್ಟಿಸಿದರು. ಮಲ್ಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದದ್ದು ಅದಾದ ಇಪ್ಪತ್ತೈದು ವರ್ಷಕ್ಕೆ, 1311ರಲ್ಲಿ.