ಉತ್ಸವಕಾಲದ ವಸ್ತ್ರಸೌಧಗಳು

ಕಟ್ಟಡವೆಂದೊಡನೆ ಕಲ್ಲು, ಗಾರೆ, ಮರಗಳು ನೆನಪಿಗೆ ಬರುವುವೇ ಹೊರತು ಬಟ್ಟೆಯು ಬರುವುದಿಲ್ಲ. ಜೀರ್ಣೋದ್ಧಾರ ನಡೆಯುತ್ತಿರುವ ಸೌಧದ ಮುಂಭಾಗಕ್ಕೆ ಚಿತ್ರ ಮುದ್ರಿಸಿದ ವಿಶಾಲವಾದ ವಸ್ತ್ರವನ್ನು ಇಳಿಯಬಿಡುವ ಈಗಿನ ಪದ್ಧತಿಯನ್ನು ಕಂಡವರು ಅದನ್ನು ಕೇವಲ ನೂತನವೆಂದೆಣಿಸುವುದು ಸಹಜವೇ. ಆದರೆ ಕೆಲವು ದಿನಗಳ ಮಟ್ಟಿಗೆ ಬಟ್ಟೆಯಿಂದ ಕಟ್ಟಡಕ್ಕೆ ಬೇರೊಂದು ಮುಖವನ್ನು ಕೊಡುವ ಕ್ರಮವು ಕನ್ನಡನಾಡಿನಲ್ಲಿ ಹಳೆಯದು.

ಮೊದಲು ಶಬ್ದಸಾಕ್ಷ್ಯವನ್ನು ವಿಚಾರಿಸಬಹುದು. ಅಮರಸಿಂಹನು ಮೇಲುಕಟ್ಟಿಗೆ ವಿತಾನ, ಉಲ್ಲೋಚ ಎಂದೂ, ತೆರೆಗೆ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂದೂ, ಬಟ್ಟೆಯ ಮನೆಗೆ ದೂಷ್ಯವೆಂದೂ ಹೆಸರುಗಳನ್ನು ಹೇಳಿರುವನು. ಹಳಗನ್ನಡದಲ್ಲಿ ‘ಗುಡಿ’ ಎಂಬುದಕ್ಕೆ ಬಾವುಟವೆಂಬ ಅರ್ಥವೂ ಉಂಟು. ‘ಗುಡಿಗಟ್ಟು’ ಎಂದರೆ ಬಾವುಟವನ್ನೇರಿಸುವುದೂ ಹೌದು, ಹಿಗ್ಗುವುದೂ ಹೌದು. ಬಟ್ಟೆಯನ್ನೇರಿಸುವುದೂ ಸಂತೋಷಪಡುವುದೂ ಒಂದೇ ಮಾತಿನಲ್ಲಿ ಅಡಗಿರುವುದು ಗಮನಾರ್ಹವಾಗಿದೆ.

ಇನ್ನು ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೇ ಇದೆ. ನಾಗಪಟ್ಟಣ, ಕಳಿಂಗ, ವಂಗ, ಮಹಾಚೀನ ಮೊದಲಾದೆಡೆಗಳ ಬಟ್ಟೆಗಳು ಅಲ್ಲಿ ಹೇಳಲ್ಪಟ್ಟಿವೆ. ಅದು ಉಡುವ ವಸ್ತ್ರಗಳ ವಿಷಯವಾದರೂ, ಅರಮನೆಯ ವಸ್ತ್ರಪರಿಜ್ಞಾನವು ಎಷ್ಟು ವಿಸ್ತಾರವಾಗಿದ್ದಿತೆಂಬುದನ್ನು ತೋರಿಸುತ್ತದೆ.

ಇಂತಹ ವಸ್ತ್ರಸಮೃದ್ಧಿಯನ್ನು ಕಟ್ಟಡಗಳ ಮೇಲೆಯೇ ಕಂಡು ಬರೆದವರು ಮುಂದೆ ವಿಜಯನಗರಕ್ಕೆ ಬಂದ ಪರದೇಶೀಯರು. 1443ರಲ್ಲಿ ಬಂದ ಅಬ್ದುರ್ ರಜಾಕನು ಮಹಾನವಮಿಗಾಗಿ ವಿಶಾಲವಾದ ಬಯಲಿನಲ್ಲಿ ಮೂರರಿಂದ ಐದು ಅಂತಸ್ತುಗಳ ಮಂಟಪಗಳು ನಿಂತಿದ್ದುವೆಂದೂ, ಅವುಗಳ ಮೇಲೆ ಮನುಷ್ಯರು, ಮೃಗಪಕ್ಷಿಗಳು, ಕಡೆಗೆ ನೊಣ ನುಸಿಗಳವರೆಗೂ ಚಿತ್ರಗಳಿದ್ದುವೆಂದೂ ಹೇಳುತ್ತಾನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸನ ಮಾತು ಇನ್ನೂ ಸ್ಪಷ್ಟವಾಗಿದೆ. ಗೋಡೆಯ ಮೇಲಿನಿಂದ ಕಾಣಿಸುವಷ್ಟು ಎತ್ತರವಾದ ಹನ್ನೊಂದು ಮರದ ಅಟ್ಟಣೆಗಳು ಕೆಂಪು, ಹಸುರು ಮಖಮಲ್ಲು ಮೊದಲಾದ ಸೊಗಸಾದ ಬಟ್ಟೆಗಳಿಂದ ಮೇಲಿನಿಂದ ಕೆಳಗಿನವರೆಗೂ ಅಲಂಕೃತವಾಗಿದ್ದುವು. ಆ ಬಟ್ಟೆಗಳು ಉಣ್ಣೆಯವಲ್ಲ, ನವುರಾದ ಹತ್ತಿಯವು. ಅಟ್ಟಣೆಗಳೂ ಸದಾ ಅಲ್ಲಿರತಕ್ಕವಲ್ಲ, ಹಬ್ಬಕ್ಕೆಂದೇ ಕಟ್ಟಿದವು ಎಂದು ಆತನು ವಿವರಿಸಿರುವನು. ಒಡ್ಡರ ದೇಶದ ಯುದ್ಧದಿಂದ ಹಿಂದಿರುಗಿದ ಅರಸನು ಕಟ್ಟಿಸಿದ ವಿಜಯಗೃಹದೊಳಗೂ ದೇವರಿಗೆ ಬಟ್ಟೆಯ ಕೋಣೆಯೊಂದಿದ್ದಿತು.

ಇಂದು ಹಂಪೆಗೆ ಹೋದವರಿಗೆ ಕಾಣುವುದು ಮಹಾನವಮಿ ದಿಬ್ಬದ ಬರಿಯ ಕಲ್ಲು. ಮರ ಹೋಯಿತು, ಬಟ್ಟೆ ಹೋಯಿತು, ಬಣ್ಣವೂ ಹೋಯಿತು. ಉಳಿದುದನ್ನೇ ಸಮಗ್ರವೆಂದು ಭಾವಿಸಿದರೆ ಅಸ್ಥಿಪಂಜರವನ್ನು ಕಂಡು ಪುರುಷನ ರೂಪವನ್ನು ನಿರ್ಣಯಿಸಿದಂತಾಗುವುದು.

ಇದರಿಂದ ಸಾಹಿತ್ಯಾಧ್ಯಯನಕ್ಕೂ ಒಂದು ಪ್ರಯೋಜನವುಂಟು. ಕಾವ್ಯಗಳ ಪುರವರ್ಣನೆಯಲ್ಲಿ ಬರುವ ಗುಡಿ, ತೋರಣ, ಮೇಲುಕಟ್ಟುಗಳನ್ನು ಬರಿಯ ಕವಿಸಮಯವೆಂದು ಬೋಧಕರು ದಾಟಿಹೋಗುವುದುಂಟು. ಅವುಗಳಲ್ಲಿ ಅತಿಶಯೋಕ್ತಿಯಿಲ್ಲವೆಂದಲ್ಲ, ಆದರೆ ಕಾವ್ಯದ ಗೊಡವೆಯೇ ಇಲ್ಲದ ಪರದೇಶೀಯರು ಅಂತಹುದನ್ನೇ ಕಂಡು, ಎಣಿಸಿ, ಬಟ್ಟೆಯ ನೂಲನ್ನು ಕೂಡ ವಿಚಾರಿಸಿ ಬರೆದಿರುವಾಗ, ಕವಿಯ ಮಾತಿಗೆ ಲೋಕಾನುಭವದ ಆಧಾರವಿದ್ದಿತೆಂದು ಒಪ್ಪಬೇಕಾಗುತ್ತದೆ. ಕಲ್ಲು ಉಳಿಸಿಕೊಳ್ಳಲಾರದುದನ್ನು ಕೆಲವೊಮ್ಮೆ ಮಾತು ಉಳಿಸಿಕೊಂಡಿರುತ್ತದೆ.